ಗೋಣಿ ಸೊಪ್ಪಿನ ಅಕ್ಕ–ತಂಗಿ

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಗೋಣಿ ಸೊಪ್ಪು ನೆಲಕ್ಕೆ ಹಬ್ಬಿಕೊಂಡು ಬೆಳೆಯುತ್ತದೆ. ಅದರಲ್ಲಿ ಎರಡು ಜಾತಿ. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು, ಇದನ್ನೂ ಎಣಿಸಿಯೇ ಹೇಳುತ್ತೇನೆ.

ದೊಡ್ಡಗೋಣಿಗೆ ದಪ್ಪನೆಯ ಕೆಂಪು ಕಾಂಡ, ಚಮಚದಂಥ ಎಲೆ. ಹಳದಿ ಹೂವಿಗೆ ಸಾಮಾನ್ಯವಾಗಿ 5 ಎಸಳು. ಸಣ್ಣಗೋಣಿಯ ಪುಟ್ಟ ಎಲೆಗಳು ಎದುರುಬದುರು ಜೋಡಿ, ಗೆಣ್ಣಿನಲ್ಲಿ ಬಿಳಿ ಕೂದಲು, ಹೂವಿಗೆ 4 ಎಸಳು. ಎರಡೂ ತುಸು ಹುಳಿ. ಬೇಳೆಯ ಜೊತೆ ಬೇಯಿಸಿದರೆ ಮುದ್ದೆಗೆ ಒಳ್ಳೆಯ ಸಾರು.

ಕಾಂಡ ಮುರಿದಾಗ ಹಾಲು ಒಸರಿತೇ? ಅದು ಗೋಣಿಯಲ್ಲ, ಬಾಯಿಗಿಡಬೇಡಿ.

ತಾತ–ಅಜ್ಜಿಯರೇ, ಇದರಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲಿದ್ದವರು ವೈದ್ಯರನ್ನು ಕೇಳಿ ತಿನ್ನಿ. ಕಳೆನಾಶಕ ಹೊಡೆದ ಹೊಲದ ಸೊಪ್ಪು ಬೇಡ. ಮೊಮ್ಮಕ್ಕಳಿಗೆ ಗಿಡ ತೋರಿಸಿ ಕಲಿಸಿ. ಈ ಗುರುತು ನಮ್ಮ ಕಾಲಕ್ಕೇ ಮುಗಿಯಬಾರದು.