ಪಕ್ಕದ ಬೆಂಚಿನಿಂದ ಬರುವ ಪಾತ್ರಗಳು

ನಮ್ಮ ವಿಭಾಗಕ್ಕೆ ಕಾಲೇಜು ವಿದ್ಯಾರ್ಥಿಗಳಿಂದ ಕಿರುನಾಟಕಗಳ ಹಸ್ತಪ್ರತಿಗಳು ಬರುತ್ತಿರುತ್ತವೆ. ಹೆಚ್ಚಿನವು ಹಾಸ್ಯ ಬೆರೆತ ಪ್ರೇಮಕಥೆಗಳು. ಬಸ್ ನಿಲ್ದಾಣದಲ್ಲಿ ನಾಯಕ ನಾಯಕಿಗೆ ಡಿಕ್ಕಿ ಹೊಡೆಯುತ್ತಾನೆ, ಪುಸ್ತಕಗಳು ಚೆಲ್ಲುತ್ತವೆ, ಜಗಳವಾಗುತ್ತದೆ, ಮೂರನೆಯ ದೃಶ್ಯಕ್ಕೆ ಪ್ರೇಮ! ಓದಿ ಮುಗಿಸಿದ ಮೇಲೆ ಇಬ್ಬರಲ್ಲಿ ಒಬ್ಬರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ.

ಒಮ್ಮೆ ಇಂಥದೇ ಹಸ್ತಪ್ರತಿಯೊಂದರ ಜೊತೆ ಒಂದು ಚೀಟಿ ಇತ್ತು. ‘ನನ್ನ ಅಕ್ಷರ ಚೆನ್ನಾಗಿಲ್ಲದ ಕಾರಣ ಗೆಳತಿಯ ಕೈಯಲ್ಲಿ ಪ್ರತಿ ಮಾಡಿಸಿದ್ದೇನೆ. ಆಕೆ ನನಗೆ ಹೇಳದೆ ಅಲ್ಲಲ್ಲಿ ಸಂಭಾಷಣೆ ತಿದ್ದಿದ್ದಾಳೆ. ದಯವಿಟ್ಟು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.’ ಇಡೀ ನಾಟಕದಲ್ಲಿ ಇಲ್ಲದ ಜೀವ ಆ ಚೀಟಿಯಲ್ಲಿತ್ತು. ಬರೆಯಬೇಕಾದ ನಾಯಕಿ ಪಕ್ಕದಲ್ಲೇ ಕುಳಿತು ಪ್ರತಿ ಮಾಡುತ್ತಿದ್ದಳು. ಲೇಖಕ ಮಾತ್ರ ನಾಯಕಿಯನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿದ್ದ.

ಗೆಳೆತನದಿಂದ ಪಾತ್ರ ಮೂಡುವ ಬಗೆಯನ್ನು ತಿಳಿಯಲು 1989ರಲ್ಲಿ ಬಿಡುಗಡೆಯಾದ ಅಮೆರಿಕದ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಚಿತ್ರವನ್ನು ನೋಡಬಹುದು. ಮೊದಲ ಭೇಟಿಯಲ್ಲೇ ಒಬ್ಬರಿಗೊಬ್ಬರು ಹಿಡಿಸದ ಇಬ್ಬರು ಹನ್ನೆರಡು ವರ್ಷಗಳಲ್ಲಿ ಗೆಳೆಯರಾಗಿ, ಕೊನೆಗೆ ದಂಪತಿಗಳಾಗುವ ಕಥೆ ಅದು. ಚಿತ್ರಕಥೆ ನೋರಾ ಎಫ್ರಾನ್ ಅವರದು, ನಿರ್ದೇಶನ ರಾಬ್ ರೈನರ್ ಅವರದು. ವಿಚ್ಛೇದನದ ನಂತರ ಒಂಟಿಯಾಗಿದ್ದ ರೈನರ್ ಅವರನ್ನೂ ಅವರ ಮಿತ್ರ, ನಿರ್ಮಾಪಕ ಆಂಡ್ರ್ಯೂ ಶೈನ್‌ಮನ್ ಅವರನ್ನೂ ಎದುರಿಗೆ ಕೂರಿಸಿಕೊಂಡು ಎಫ್ರಾನ್ ಪ್ರಶ್ನೆ ಕೇಳಿದರು, ಟಿಪ್ಪಣಿ ಮಾಡಿಕೊಂಡರು. ಆಕೆ ಮೊದಲು ಪತ್ರಿಕಾ ವರದಿಗಾರ್ತಿಯಾಗಿದ್ದವರು, ಕೇಳುವ ಕಲೆ ಗೊತ್ತಿತ್ತು.

ರೈನರ್ ಅವರ ಮಂಕು ಮನಸ್ಥಿತಿ, ಆ ಮಂಕುತನದ ಬಗ್ಗೆ ಅವರಿಗಿದ್ದ ಒಂದು ಬಗೆಯ ಪ್ರೀತಿ ಹ್ಯಾರಿಯ ಪಾತ್ರವಾಯಿತು. ಹ್ಯಾರಿ ಪುಸ್ತಕ ಕೊಂಡ ಕೂಡಲೇ ಕೊನೆಯ ಪುಟ ಓದುತ್ತಾನೆ. ಮುಗಿಸುವ ಮೊದಲೇ ಸತ್ತುಹೋದರೆ ಎಂಬ ಮುಂಜಾಗ್ರತೆ! ‘ಈತ ನಿರಾಶಾವಾದಿ’ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಇನ್ನು ಸ್ಯಾಲಿ? ಹೋಟೆಲಿನಲ್ಲಿ ಕಡುಬು ಬಿಸಿಯಾಗಿರಬೇಕು, ಐಸ್‌ಕ್ರೀಮ್ ಮೇಲೆ ಬೇಡ, ಬೇರೆಯಾಗಿ ಪಕ್ಕದಲ್ಲಿರಬೇಕು ಎಂದು ಮಾಣಿಗೆ ಮುಗಿಯದ ಸೂಚನೆ ಕೊಡುವ ಆಕೆಯ ಅಭ್ಯಾಸ ಸ್ವತಃ ಎಫ್ರಾನ್ ಅವರದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೆಲಿಫೋನಿನ ದೃಶ್ಯ. ಹ್ಯಾರಿಯ ಪಾತ್ರ ವಹಿಸಿದ ಬಿಲ್ಲಿ ಕ್ರಿಸ್ಟಲ್ ಮತ್ತು ರೈನರ್ ಹಳೆಯ ಸ್ನೇಹಿತರಾಗಿದ್ದರು. ತಮ್ಮ ತಮ್ಮ ಮನೆಯಲ್ಲೇ ಇದ್ದು, ಫೋನಿನಲ್ಲಿ ಮಾತಾಡುತ್ತ ಒಂದೇ ಟಿ.ವಿ. ಕಾರ್ಯಕ್ರಮ ನೋಡುವುದು ಅವರ ರೂಢಿಯಾಗಿತ್ತು. ಚಿತ್ರದಲ್ಲಿ ಪರದೆ ಎರಡು ಭಾಗವಾಗಿ, ಹ್ಯಾರಿ ಮತ್ತು ಸ್ಯಾಲಿ ತಂತಮ್ಮ ಹಾಸಿಗೆಯಲ್ಲಿ ಕುಳಿತು ‘ಕಾಸಾಬ್ಲಾಂಕಾ’ ನೋಡುತ್ತಾರೆ. ಇಬ್ಬರು ಗಂಡಸರ ಸ್ನೇಹದ ಅಭ್ಯಾಸ ಗಂಡು-ಹೆಣ್ಣಿನ ಕಥೆಗೆ ಎಷ್ಟು ಸಹಜವಾಗಿ ಹೊಂದಿಕೊಂಡಿತು ನೋಡಿ. ಪ್ರೇಮವೆಂಬ ಮಾತೇ ಇಲ್ಲ, ಆದರೂ ಪ್ರೇಕ್ಷಕನಿಗೆ ಗೊತ್ತಾಗುತ್ತದೆ.

ಬಿ.ಎಸ್ಸಿ. ಓದುವಾಗ ರಸಾಯನ ಪ್ರಯೋಗಾಲಯದಲ್ಲಿ ಲವಣಗಳ ಜ್ವಾಲಾ ಪರೀಕ್ಷೆ ಮಾಡುತ್ತಿದ್ದೆವು. ತಟ್ಟೆಯಲ್ಲಿ ಎರಡೂ ಬಿಳಿಯ ಪುಡಿಗಳೇ. ಉರಿಗೆ ಹಿಡಿದರೆ ಸೋಡಿಯಂ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ. ಪಾತ್ರಗಳೂ ಹಾಗೆಯೇ ಎಂದು ನನ್ನ ಅಭಿಪ್ರಾಯ. ‘ನನ್ನ ಗೆಳೆಯ ಒಳ್ಳೆಯವನು, ತಮಾಷೆಯವನು’ ಎಂದು ಬರೆದರೆ ಅದು ಬಿಳಿ ಪುಡಿ. ಸಾಲ ಕೊಟ್ಟವನೇ ವಾಪಸು ಕೇಳಲು ನಾಚಿ ಬೇರೆ ರಸ್ತೆಯಲ್ಲಿ ಹೋಗುತ್ತಾನೆ ಎಂದರೆ ಬಣ್ಣ ಕಾಣುತ್ತದೆ. ಆ ಬಣ್ಣ ಗೆಳೆಯನೊಬ್ಬನಿಗೇ ಗೊತ್ತಿರುತ್ತದೆ, ಅಪರಿಚಿತನಿಗಲ್ಲ.

ಆದರೆ ಗೊತ್ತಿರುವುದನ್ನೆಲ್ಲ ಬರೆಯಬಹುದೇ? ಈ ವಿಷಯದಲ್ಲಿ ನಾನು ಪೆಟ್ಟು ತಿಂದವನು. ವೃತ್ತಿಗೆ ಬಂದ ಹೊಸತರಲ್ಲಿ ಗೆಳೆಯನೊಬ್ಬ, ತಾನು ಒಬ್ಬಳಿಗೆ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಕಾಗದವನ್ನು ನನಗೆ ತೋರಿಸಿದ್ದ. ಅದನ್ನು ಒಂದು ಹಾಸ್ಯನಾಟಕದಲ್ಲಿ ಬಳಸಿದೆ. ಹೆಸರು, ಊರು ಎಲ್ಲವನ್ನೂ ಬದಲಾಯಿಸಿದ್ದೆ. ಅವನ ಮನೆಯವರು ಕುಳಿತು ನೋಡಿ ನಕ್ಕರಂತೆ. ಅವನು ಜಗಳವಾಡಲಿಲ್ಲ, ಸಂಜೆಯ ಕಾಫಿಗೆ ಬರುವುದನ್ನು ಬಿಟ್ಟ, ಅಷ್ಟೆ. ಮತ್ತೆ ಮೊದಲಿನ ಹಾಗೆ ಮಾತಾಡಲು ಎರಡು ವರ್ಷ ಬೇಕಾಯಿತು. ಅಭ್ಯಾಸಕ್ಕೂ ಗುಟ್ಟಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಹೀಗೆ. ರೈನರ್ ತಮ್ಮ ಮಾತು ಟಿಪ್ಪಣಿಯಾಗುತ್ತಿದೆ ಎಂದು ತಿಳಿದೇ ಮಾತಾಡಿದ್ದರು. ಎಫ್ರಾನ್ ಕೂಡ ಗೆಳೆಯನನ್ನು ಮಾತ್ರ ನಗೆಪಾಟಲು ಮಾಡಲಿಲ್ಲ, ತಮ್ಮ ವಿಚಿತ್ರಗಳನ್ನೂ ಪರದೆಗೆ ತಂದರು. ನನ್ನ ನಾಟಕದಲ್ಲಿ ನಾನು ಎಲ್ಲಿಯೂ ಇರಲಿಲ್ಲ.

ಆ ವಿದ್ಯಾರ್ಥಿಗೆ ಹಸ್ತಪ್ರತಿ ಹಿಂದಿರುಗಿಸುವಾಗ ಹೀಗೆ ಬರೆದೆ: ಗೆಳತಿಯ ಒಪ್ಪಿಗೆ ಪಡೆದು, ನಾಟಕವನ್ನು ಪ್ರತಿ ಮಾಡುವ ಆ ಮೇಜಿನಿಂದಲೇ ಆರಂಭಿಸಿ, ನಿಮ್ಮ ಕೆಟ್ಟ ಅಕ್ಷರವೂ ಇರಲಿ. ಉತ್ತರ ಬಂದಿತು. ಆಕೆ ಒಪ್ಪಿದ್ದಾಳಂತೆ. ಆದರೆ ತನ್ನ ಪಾತ್ರದ ಮಾತುಗಳನ್ನು ತಾನೇ ಬರೆಯುತ್ತಾಳಂತೆ.