ಮಧ್ಯಾಹ್ನದ ತಟ್ಟೆ ಸರಿ, ಸಂಜೆಯ ಪೊಟ್ಟಣ?

ಮಧ್ಯಾಹ್ನದ ಗಂಟೆ ಬಾರಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕೈ ತೊಳೆದುಕೊಂಡು, ತಟ್ಟೆ ಹಿಡಿದು ಸಾಲಾಗಿ ಕೂಡುತ್ತಾರೆ. ಬಿಸಿ ಅನ್ನ, ಬೇಳೆ-ತರಕಾರಿಯ ಸಾಂಬಾರು ತಟ್ಟೆಗೆ ಬರುತ್ತದೆ. ಊಟ ಮುಗಿದಾಗ ಕೆಲವು ತಟ್ಟೆಗಳ ಅಂಚಿನಲ್ಲಿ ಗಜ್ಜರಿ, ಕುಂಬಳದ ಹೋಳುಗಳು ಹಾಗೆಯೇ ಉಳಿದಿರುತ್ತವೆ. ಸಂಜೆ ಶಾಲೆ ಬಿಟ್ಟೊಡನೆ ಅದೇ ಮಕ್ಕಳಲ್ಲಿ ಕೆಲವರ ಕೈಯಲ್ಲಿ ಬಣ್ಣದ ಪೊಟ್ಟಣ! ಬಿಟ್ಟದ್ದೇನು, ಕೊಂಡದ್ದೇನು ಎಂಬ ಲೆಕ್ಕವನ್ನು ಪಾಲಕರು, ಮಕ್ಕಳು ಕೂಡಿಯೇ ಹಾಕಬೇಕಾಗಿದೆ.

ಅಕ್ಕಿಯ ಚೀಲದಿಂದ ಬಿಸಿಯೂಟಕ್ಕೆ

1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಆರಂಭವಾದಾಗ ಮಗುವಿಗೆ ಸಿಗುತ್ತಿದ್ದುದು ತಿಂಗಳಿಗೆ 3 ಕಿಲೋ ಧಾನ್ಯ. ಅದು ಮನೆಯ ಗಡಿಗೆ ಸೇರಿ ಎಲ್ಲರ ಪಾಲಾಗುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ 'ಅಕ್ಷರ ದಾಸೋಹ' 2003ರಲ್ಲಿ ಬೆಳಗಾವಿ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂದಿತು. 2013ರ ಆಗಸ್ಟ್ 1ರಿಂದ 'ಕ್ಷೀರಭಾಗ್ಯ'ದ 150 ಮಿ.ಲೀ. ಹಾಲು, 2022ರಿಂದ ರಾಜ್ಯದಾದ್ಯಂತ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು, 2024ರಲ್ಲಿ ರಾಗಿ ಮಾಲ್ಟ್ ಸೇರಿದವು.

ತಟ್ಟೆಯಲ್ಲಿರುವ ವಿಜ್ಞಾನ

ಒಂದರಿಂದ ಐದನೇ ತರಗತಿಯ ಮಗುವಿಗೆ ನಿಯಮದಂತೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸೇರಬೇಕು. ಇದರಿಂದ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ದೊರೆಯಬೇಕೆಂಬುದು ಲೆಕ್ಕ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಹೆಚ್ಚು. ಅನ್ನ-ಬೇಳೆ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ರೊಟ್ಟಿಯ ಜೊತೆ ಕಾಳುಪಲ್ಯೆ ಇಟ್ಟುಕೊಂಡದ್ದೂ ಇದೇ ಜಾಣತನ. ಒಂದು ಮೊಟ್ಟೆ ಸುಮಾರು 6 ಗ್ರಾಂ ಪ್ರೋಟೀನು ಕೂಡಿಸುತ್ತದೆ.

ತಟ್ಟೆಯಂಚಿಗೆ ಸರಿದ ತರಕಾರಿಯದು ಬೇರೆಯೇ ಕೆಲಸ. ಗಜ್ಜರಿ, ಕುಂಬಳ, ತಪ್ಪಲುಪಲ್ಯೆಗಳಿಂದ ಕಣ್ಣಿಗೆ ಬೇಕಾದ 'ಎ' ಜೀವಸತ್ವ ದೊರೆಯುತ್ತದೆ. ಲಿಂಬೆ, ಪೇರಲಗಳಲ್ಲಿರುವ 'ಸಿ' ಜೀವಸತ್ವವು ಕಾಳು-ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆ ಕುಡಿದ ಚಹಾ ಇದಕ್ಕೆ ಅಡ್ಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂಥ ಮಕ್ಕಳೇ ನಾಳೆ ಶಾಲೆಗೆ ಬರುವವರು. ರಕ್ತಹೀನತೆಯುಳ್ಳ ಮಗು ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಅದನ್ನು 'ಸೋಮಾರಿ' ಎಂದು ಬೈದರೆ ಪ್ರಯೋಜನವೇನು?

ಮಕ್ಕಳೇ, ಮಾಡಿ ನೋಡಿ

ಬಿಳಿ ಕಾಗದದ ಮೇಲೆ ಒಂದು ಚಿಪ್ಸ್ ಇಟ್ಟು ಒತ್ತಿರಿ. ಪಕ್ಕದಲ್ಲಿ ಹುರಿದ ಪುಠಾಣಿಯನ್ನು ಇಟ್ಟು ಒತ್ತಿರಿ. ಸ್ವಲ್ಪ ಹೊತ್ತಿನ ನಂತರ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯುವ ಕಲೆ ಯಾವ ಕಡೆ ದೊಡ್ಡದು? ಅದೇ ಎಣ್ಣೆಯ ಗುರುತು. ಇನ್ನು ತಂಪು ಪಾನೀಯದ ಬಾಟಲಿಯ ಹಿಂಬದಿಯನ್ನು ಓದಿರಿ. 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. ಅಂದರೆ 5 ಗ್ರಾಂ ಹಿಡಿಯುವ ಚಮಚದಲ್ಲಿ ಐದು ಚಮಚ. ಕಬ್ಬಿನ ಸೀಮೆಯ ಮಕ್ಕಳಾದರೂ ಒಂದು ಲೋಟ ಚಹಾಕ್ಕೆ ಐದು ಚಮಚ ಸಕ್ಕರೆ ಹಾಕಿಕೊಳ್ಳುವಿರಾ?

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ದ್ವಾರದಿಂದ 50 ಮೀಟರಿನೊಳಗಾಗಲಿ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಆದರೆ ಐವತ್ತೊಂದನೇ ಮೀಟರಿನ ಅಂಗಡಿಗೆ ಮಗುವಿನ ವಿವೇಕವೇ ಕಾವಲು.

ಮನೆಯ ಪಾಲು

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ಸಹಪಾಠಿಗಳಿಗೆ ಬಡಿಸುತ್ತಾರೆ. ಊಟವೂ ಅಲ್ಲಿ ಪಾಠದ ಭಾಗ. ನಮ್ಮಲ್ಲಿಯೂ ಶಾಲೆಯ ಕೈತೋಟದಲ್ಲಿ ಮೆಂತ್ಯಪಲ್ಯೆ, ನುಗ್ಗೆ, ಕರಿಬೇವು ಬೆಳೆಸಲು ಅವಕಾಶವಿದೆ. ತಾನೇ ನೀರು ಹಾಕಿ ಬೆಳೆಸಿದ ಸೊಪ್ಪನ್ನು ಬದಿಗೆ ಸರಿಸಲು ಮಗುವಿಗೆ ಮನಸ್ಸು ಬಾರದು.

ಪಾಲಕರು ಮಾಡಬೇಕಾದುದು ದುಬಾರಿಯದೇನಲ್ಲ. ಬೆಳಗ್ಗೆ ಬರೀ ಚಹಾ-ಬಿಸ್ಕತ್ತಿನ ಬದಲು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಡಬಹುದು. ಸಂಜೆಗೆ ಶೇಂಗಾ-ಬೆಲ್ಲ, ಮೊಳಕೆ ಹೆಸರುಕಾಳು, ಪೇರಲಹಣ್ಣು ಸಾಕು. ಗೋಕಾಕದ ಹೆಸರನ್ನು ದೂರದವರೆಗೆ ಒಯ್ದ ಕರದಂಟೂ ಅಂಟು, ಒಣಹಣ್ಣು, ಕೊಬ್ಬರಿ, ಬೆಲ್ಲ ಕೂಡಿದ ತಿನಿಸೇ. ಸಿಹಿಯಾದ್ದರಿಂದ ಒಂದು ಚೂರು ಸಾಕು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳೊಂದಿಗೆ ಕುಳಿತು ಅದೇ ಪಲ್ಯೆಯನ್ನು ಹಿರಿಯರೂ ಉಣ್ಣಬೇಕು.

ತಟ್ಟೆಗೆ ಬಡಿಸುವ ಕೆಲಸವನ್ನು ಶಾಲೆ ಮಾಡುತ್ತಿದೆ. ಮಗುವಿನ ಕಿಸೆಗೆ ಬೀಳುವ ಹತ್ತು ರೂಪಾಯಿಯ ಹೊಣೆ ಮಾತ್ರ ಮನೆಯದು.