ಹಳೆಯ ಯೆಜ್ಡಿ ಕೊಳ್ಳುವ ಮುನ್ನ

ಯೆಜ್ಡಿ ಮೋಟಾರ್ ಸೈಕಲ್ಲಿನ ಸದ್ದು ನಮ್ಮ ತಾಳವಾಡಿ ಸೀಮೆಯ ಹಿರಿಯರಿಗೆ ಚಿರಪರಿಚಿತ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದುದರಿಂದ ಆ ಕಾರ್ಖಾನೆಯಿಂದ ಬಂದ ಪ್ರತಿಯೊಂದು ಗಾಡಿಗೂ ಈಗ ಕಾಲು ಶತಮಾನಕ್ಕೆ ಮೀರಿದ ವಯಸ್ಸು. 2022ರಲ್ಲಿ ಅದೇ ಹೆಸರಿನಿಂದ ಮತ್ತೆ ಬಂದ ಗಾಡಿಗಳ ಎಂಜಿನ್ ಬೇರೆ ಬಗೆಯದು. ಇಲ್ಲಿ ಹೇಳುವುದು ಹಳೆಯ 250 ಸಿ.ಸಿ. ಟೂ-ಸ್ಟ್ರೋಕ್ ಎಂಜಿನ್ನಿನ ವಿಚಾರ. ತಂದೆಯವರ ಗಾಡಿಯ ನೆನಪಿನಿಂದ ಇಂಥದೊಂದನ್ನು ಅರಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಹೊಸ ಬಣ್ಣಕ್ಕೆ ಮರುಳಾಗದೆ, ಎಂಜಿನ್ನಿನ ಒಳಗನ್ನು ಅರಿಯುವುದು ಒಳ್ಳೆಯದು.

ಮೊದಲನೆಯದಾಗಿ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನಾವು ಹೋಗುವ ಮೊದಲೇ ಮಾರುವವರು ಅದನ್ನು ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನೇಕ ದೋಷಗಳು ಮರೆಯಾಗುತ್ತವೆ. ಕಿಕ್ ಒತ್ತಿದಾಗ ಕಾಲಿಗೆ ಗಟ್ಟಿಯಾದ ತಡೆ ಸಿಗಬೇಕು. ಸಲೀಸಾಗಿ ಇಳಿದರೆ ಪಿಸ್ಟನ್, ರಿಂಗುಗಳು ಸವೆದಿರಬಹುದು. ಸಿಲಿಂಡರನ್ನು ಹಿಂದೆ ಎಷ್ಟು ಬಾರಿ ಬೋರ್ ಮಾಡಿಸಲಾಗಿದೆಯೆಂದು ವಿಚಾರಿಸಿರಿ. ಅದಕ್ಕೂ ಒಂದು ಮಿತಿಯುಂಟು.

ಇನ್ನು ಹೊಗೆ. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಟೂ-ಸ್ಟ್ರೋಕ್ ಗಾಡಿಯಲ್ಲಿ ಸ್ವಲ್ಪ ಹೊಗೆ ಸಹಜ. ಆದರೆ ಎಂಜಿನ್ ಬಿಸಿಯಾದ ಬಳಿಕವೂ ದಟ್ಟವಾದ ಬಿಳಿ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಆ ಎಣ್ಣೆ ಒಳಸೇರುತ್ತಿದೆಯೆಂದು ಶಂಕಿಸಬೇಕು. ಇನ್ನೊಂದು ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳನುಗ್ಗಿ, ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಂಡು ಅತಿಯಾಗಿ ಕಾಯುತ್ತದೆ. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ. ಎರಡರಿಂದಲೂ ಹೊಗೆ ಹೆಚ್ಚುಕಡಿಮೆ ಒಂದೇ ರಭಸದಲ್ಲಿ ಬರದಿದ್ದರೆ, ಒಂದರಲ್ಲಿ ಮಸಿ ಕಟ್ಟಿರಬಹುದು. ಇದು ಸುಲಭವಾಗಿ ಸರಿಪಡಿಸಬಹುದಾದ ದೋಷ.

ಸುಲಭವಲ್ಲದುದು ಕ್ರ್ಯಾಂಕಿನ ಕೆಲಸ. ಗಾಡಿಯನ್ನು ಏರಿನಲ್ಲಿ ಓಡಿಸಿದಾಗ ಕೆಳಗಿನಿಂದ ಟಕ್ ಟಕ್ ಎಂಬ ಮಂದವಾದ ಬಡಿತ ಕೇಳಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆಯೆಂದೂ, ಗುಡುಗಿದಂತಹ ಸದ್ದು ಎಡೆಬಿಡದೆ ಬಂದರೆ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳು ಹೋಗಿವೆಯೆಂದೂ ಅನುಮಾನಿಸಬೇಕು. ಅದಕ್ಕೆ ಎಂಜಿನ್ನನ್ನೇ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಪುನಃ ನೇರವಾಗಿ ಕೂರಿಸಬೇಕು. ಪಳಗಿದ ಕೈಯಿಲ್ಲದೆ ಇದು ಸಾಧ್ಯವಿಲ್ಲ.

ನಮ್ಮ ಕಡೆಯವರಿಗೆ ಇದು ಹಣದ ಪ್ರಶ್ನೆ ಮಾತ್ರವಲ್ಲ. ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತುವಾಗ ಕಾದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯುವುದೊಂದೇ ದಾರಿ. ಇಳಿಯುವಾಗಲೂ ಎಚ್ಚರ ಬೇಕು: ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲಿನೊಡನೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ನಡುನಡುವೆ ತುಸು ತಿರುಗಿಸುತ್ತಿರಬೇಕು. ಹಿಂದಿನ ಸವಾರರಿಗೆ ಇದು ತಿಳಿದಿತ್ತೇ ಎಂದು ಮಾತಿನ ನಡುವೆ ಕೇಳಿ ನೋಡಿ.

ಕೊನೆಯದಾಗಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ಅಕ್ಷರಶಃ ಹೋಲಿಸಿರಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವಾಗಿರಬೇಕು. ಮೈಸೂರು, ಚಾಮರಾಜನಗರಗಳಿಂದ ತರುವ ಗಾಡಿಗೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಪಡೆದು, ತಮಿಳುನಾಡಿನಲ್ಲಿ ಹೊಸ ನೋಂದಣಿ ಮಾಡಿಸಬೇಕಾಗುತ್ತದೆ. ಭಾಷೆ ಒಂದೇ ಆದರೂ ನಡುವೆ ಗಡಿಯುಂಟು.

ದೋಷವಿಲ್ಲದ ಹಳೆಯ ಎಂಜಿನ್ ಸಿಗುವುದು ದುರ್ಲಭ. ದೋಷ ಯಾವುದೆಂದು ತಿಳಿದು, ಅದಕ್ಕೆ ತಗುಲುವ ವೆಚ್ಚವನ್ನು ಬೆಲೆಯಲ್ಲಿ ಕಳೆದು ಕೊಂಡವರಿಗೆ ಪಶ್ಚಾತ್ತಾಪವಿರಲಾರದು.